ಗೀರು ಅಳಿಸಲು ಹೋಗಿ ಬಣ್ಣ ಸುಟ್ಟೀರಿ ಜೋಕೆ!

ಕೃಷ್ಣರಾಜ ಮಾರುಕಟ್ಟೆ ಪಕ್ಕದ ಎಸ್.ಜೆ.ಪಿ. ರಸ್ತೆಗೆ ಕಾರಿನ ಪಾಲಿಶ್ ಮೆಷಿನ್ ಕೊಳ್ಳೋಕೆ ಹೊರಟಿರಾ? ತಾಳಿ ಸ್ವಾಮಿ. ಮೊದಲು ಗೀರಿನ ಮೇಲೆ ಉಗುರಾಡಿಸಿ ನೋಡಿ. ಉಗುರು ಸಿಕ್ಕಿಕೊಂಡರೆ ಪಾಲಿಶಿಗೆ ಹೋಗೋ ಗೀರಲ್ಲ ಅದು; ದುಡ್ಡು ಜೇಬಲ್ಲೇ ಇರಲಿ.

ಅಗ್ಗವಾಯ್ತು ಅಂತ ಕಬ್ಬಿಣ ಕುಯ್ಯೋ ಗ್ರೈಂಡರಿಗೇ ಪ್ಯಾಡ್ ಸಿಕ್ಕಿಸೋ ಮಹನೀಯರೂ ಇದ್ದಾರೆ. ಅದು ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗುತ್ತೆ! ಬಣ್ಣ ಕಾಯುವ ಮೇಲಿನ ಪಾರದರ್ಶಕ ಪದರವೋ, ತಲೆಗೂದಲಿನಷ್ಟೂ ದಪ್ಪವಿರೋದಿಲ್ಲ. ಒಮ್ಮೆ ಸುಟ್ಟಿತೋ, ಇಡೀ ಬಾಗಿಲಿಗೇ ಮತ್ತೆ ಪೇಂಟು.

ತಿರುಗುತ್ತಲೇ ಅತ್ತಿತ್ತ ಅಲುಗುವ 'ಡಿ.ಎ.' ಮೆಷಿನ್ ಕೇಳಿ; ಒಂದೇ ಜಾಗ ಅಷ್ಟು ಕಾಯೋದಿಲ್ಲ. ಉಣ್ಣೆ ಪ್ಯಾಡ್ ಹೆಚ್ಚು ಕೆರೆಯುತ್ತೆ, ಮೆತ್ತನೆ ಸ್ಪಂಜಿನದರಿಂದ ಶುರುಮಾಡಿ. ಗಾಡಿ ಮೊದಲೇ ಚೆನ್ನಾಗಿ ತೊಳೆದಿರಬೇಕು, ಮರಳಿನ ಕಣ ಉಳಿದರೆ ಹೊಸ ಗೀರು ಗ್ಯಾರಂಟಿ. ಅಂಚುಗಳಲ್ಲಿ ಬಣ್ಣ ತೆಳು. ಅಲ್ಲಿ ಮೆಷಿನ್ ಬೇಡ, ಕೈಯಲ್ಲೇ ಉಜ್ಜಿ.