ಕಾರ್ಯಾಚರಣ ವ್ಯವಸ್ಥೆ ನವೀಕರಿಸಿದ ಮೇಲೆ ‘ಆಪ್ಟ್’ ಮರುಸ್ಥಾಪನೆ ವಿಫಲವಾದಲ್ಲಿ

ಸಿ-ಡ್ಯಾಕ್ ಸಂಸ್ಥೆಯ ‘ಬಾಸ್’ ಕಾರ್ಯಾಚರಣ ವ್ಯವಸ್ಥೆಯು ಡೆಬಿಯನ್ ಲಿನಕ್ಸನ್ನು ಆಧರಿಸಿದೆ. ಇದರಲ್ಲಿ ತಂತ್ರಾಂಶಗಳ ಪೊಟ್ಟಣಗಳನ್ನು ಅಂತರಜಾಲದಿಂದ ತರಿಸುವುದು ‘ಆಪ್ಟ್’. ಅವನ್ನು ಅಳವಡಿಸುವುದು ‘ಡಿಪಿಕೆಜಿ’.

ಟಿಟ್ವಾಳಾದ ಮನೆಯೊಂದರಲ್ಲಿ ನವೀಕರಣದ ನಡುವೆ ವಿದ್ಯುತ್ ಹೋಯಿತೆನ್ನೋಣ. ಆಪ್ಟ್ ಕೆಟ್ಟಿತೆಂದು ಅದನ್ನೇ ಅಳಿಸಹೊರಡುವುದು ದುಡುಕು. ಅರ್ಧಕ್ಕೆ ನಿಂತ ಪೊಟ್ಟಣಗಳು ಅಥವಾ ಹಳೆಯ ಆವೃತ್ತಿಯ ಹೆಸರನ್ನೇ ಹೊತ್ತ ಆಕರಪಟ್ಟಿ ಸಾಮಾನ್ಯವಾಗಿ ಅಡ್ಡಿಗೆ ಕಾರಣವಾಗಿರುತ್ತದೆ.

ಮೊದಲು ಮಕ್ಕಳ ಪಾಠ, ಛಾಯಾಚಿತ್ರ ಮುಂತಾದ ಕಡತಗಳನ್ನು ಬೇರೆಡೆ ನಕಲು ಮಾಡಿಕೊಳ್ಳತಕ್ಕದ್ದು. ಅನಂತರ ಡಿಪಿಕೆಜಿಯ ‘ಕಾನ್ಫಿಗರ್’ ಆದೇಶದಿಂದ ಉಳಿದ ಕೆಲಸ ಮುಗಿಸಿ, ಆಕರಪಟ್ಟಿಯನ್ನು ತಿದ್ದಿ, ‘ಅಪ್‌ಡೇಟ್’ ಆದೇಶ ನೀಡಬೇಕು. ಕೊನೆಗೆ ‘ಫಿಕ್ಸ್ ಬ್ರೋಕನ್’ ಆಯ್ಕೆಯು ಕೊರತೆಗಳನ್ನು ತುಂಬುತ್ತದೆ.

ಆಪ್ಟ್ ಈಗಾಗಲೇ ಅಳಿಸಿಹೋಗಿದ್ದರೆ, ಅದೇ ಆವೃತ್ತಿಯ ಆಪ್ಟ್ ಪೊಟ್ಟಣವನ್ನೂ ಅದು ಅವಲಂಬಿಸಿದವುಗಳನ್ನೂ ಬೇರೊಂದು ಗಣಕದಲ್ಲಿ ಇಳಿಸಿ ತಂದು ಡಿಪಿಕೆಜಿಯಿಂದಲೇ ಸ್ಥಾಪಿಸಬಹುದು.