ಎರಡು ಊರುಗಳ ಬೇಸಗೆ

ಬಾರ್ಕೂರಿನವರಿಗೆ ಬೇಸಗೆಯೆಂದರೆ ಏಪ್ರಿಲ್, ಮೇ. ಜೂನಿನಲ್ಲಿ ಮಳೆ ಹಿಡಿದು ಸೀತಾನದಿಯು ಕೆಂಪಾಗಿ ತುಂಬಿತೆಂದರೆ ರಜೆ ಮುಗಿದಂತೆಯೇ. ಆದರೆ ಪರಮಾಣುವಿನ ಒಳಗುಟ್ಟನ್ನು ಶೋಧಿಸುವ, ಜಿನೀವಾ ನಗರದ ಬಳಿಯ ಸರ್ನ್ ಪ್ರಯೋಗಶಾಲೆಯು 1962ರಲ್ಲಿ ಆರಂಭಿಸಿದ ಬೇಸಗೆಯ ವ್ಯಾಸಂಗವು ಮೊದಲಾಗುವುದೇ ಆಗ. ವಿದ್ಯಾರ್ಥಿಗಳಿಗೆ ಅಲ್ಲಿ ಉಪನ್ಯಾಸಗಳುಂಟು. ಉಳಿದ ಹೊತ್ತು ವಿಜ್ಞಾನಿಗಳ ತಂಡದೊಡನೆ ಕೆಲಸ. 2017ರಲ್ಲಿ ಭಾರತವು ಆ ಸಂಸ್ಥೆಯ ಸಹಸದಸ್ಯ ರಾಷ್ಟ್ರವಾಯಿತು.

ಬಾರ್ಕೂರಿನ ಎಂ.ಎಸ್‌ಸಿ. ವಿದ್ಯಾರ್ಥಿನಿಯೊಬ್ಬಳು ಅಲ್ಲಿಗೆ ಹೋದಳೆಂದು ಭಾವಿಸೋಣ. ರಾತ್ರಿ ಒಂಬತ್ತಾದರೂ ಕತ್ತಲಾಗದು. ಊಟದ ಹೊತ್ತು ಯಾವುದೆಂದು ಹೊಟ್ಟೆಗೇ ತಿಳಿಯದು! ಜೂನ್ 21ರ ಹಗಲು ಅಲ್ಲಿ ಸುಮಾರು ಹದಿನೈದೂಮುಕ್ಕಾಲು ಗಂಟೆ. ಬಾರ್ಕೂರಿನಲ್ಲಿ 13 ಗಂಟೆಗೂ ತುಸು ಕಡಿಮೆ. ಅಂದು ಸೂರ್ಯನು ನಡುನೆತ್ತಿಗೆ ಬರುವುದು 23.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬಾರ್ಕೂರು ಇರುವುದು 13.5ರಲ್ಲಿ. ಆದುದರಿಂದ ಮಧ್ಯಾಹ್ನ ಒಂದು ಮೀಟರ್ ಕೋಲನ್ನು ನೆಟ್ಟರೆ ಜಿನೀವಾದಲ್ಲಿ 42 ಸೆಂಟಿಮೀಟರ್ ನೆರಳು ಉತ್ತರಕ್ಕೆ ಬೀಳುತ್ತದೆ. ನಮ್ಮ ಅಂಗಳದಲ್ಲಾದರೋ, ಮೋಡ ಸರಿದರೆ, ಸುಮಾರು 18 ಸೆಂಟಿಮೀಟರ್ ನೆರಳು ದಕ್ಷಿಣಕ್ಕೆ! ಈ ನೆರಳನ್ನು ನೋಡದೆಯೇ ಪದವಿ ಪಡೆದವರಲ್ಲಿ ನಾನೂ ಒಬ್ಬ.

ಇನ್ನೊಂದು ಸೋಜಿಗ. ಬಿಸಿಲು ಅಲ್ಲಿ ಹೆಚ್ಚು ಓರೆ. ಆದರೂ ಹಗಲು ದೀರ್ಘವಾದುದರಿಂದ ಆ ದಿನ ವಾತಾವರಣದ ಮೇಲಂಚನ್ನು ತಲಪುವ ಒಟ್ಟು ಬಿಸಿಲು ಬಾರ್ಕೂರಿಗಿಂತ ಜಿನೀವಾಕ್ಕೇ ಶೇಕಡಾ 10ರಷ್ಟು ಅಧಿಕ.

ತೊಡಕಿರುವುದು ಬೇರೆಡೆ. ಅವಳು ಅಲ್ಲಿ ಕಳೆಯುವ ವಾರಗಳಲ್ಲಿ ಇಲ್ಲಿ ತರಗತಿಯೋ ಪರೀಕ್ಷೆಯೋ ನಡೆದಿರುತ್ತದೆ. ಹಾಜರಿ ಪುಸ್ತಕಕ್ಕೆ ತಿಳಿದಿರುವುದು ಒಂದೇ ಬೇಸಗೆ. ಅರ್ಜಿ ಹಾಕುವ ಮೊದಲೇ ಪ್ರಾಂಶುಪಾಲರನ್ನು ಕಂಡು, ತಪ್ಪಲಿರುವ ಪ್ರಯೋಗಗಳನ್ನು ಯಾವಾಗ ಮಾಡಿ ಮುಗಿಸುವುದೆಂದು ಗೊತ್ತುಮಾಡಿಕೊಳ್ಳುವುದು ಲೇಸು.