ಕ್ರಿಯಾಪದಗಳ ಲಘು-ಗುರು: ಕಿವಿಯೇ ಅಳತೆಗೋಲು



ಹತ್ತನೆಯ ತರಗತಿಯ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಪದ್ಯದ ಸಾಲಿಗೆ ಪ್ರಸ್ತಾರ ಹಾಕಲು ಕೇಳುವುದುಂಟು. ನಿಯಮಗಳನ್ನು ಬಾಯಿಪಾಠ ಮಾಡಿದ ಮಕ್ಕಳೂ ಒತ್ತಕ್ಷರ ಎದುರಾದೊಡನೆ ತಡವರಿಸಿ, ಅದಕ್ಕೇ ಗುರುವಿನ ಗುರುತು ಹಾಕಿಬಿಡುತ್ತಾರೆ. ವಾಸ್ತವವಾಗಿ ಗುರುವಾಗುವುದು ಅದರ ಹಿಂದಿನ ಅಕ್ಷರ. ಏಕೆಂಬುದನ್ನು ನಿಮ್ಮ ಕಿವಿಯೇ ಹೇಳುತ್ತದೆ.

ಬನಹಟ್ಟಿಯಲ್ಲಾಗಲಿ ಬೀಳಗಿಯಲ್ಲಾಗಲಿ ಮನೆಗೆ ಬಂದವರನ್ನು "ಬರ್ರಿ" ಎಂದು ಕರೆಯುತ್ತಾರೆ. ಬರವಣಿಗೆಯಲ್ಲಿ ಇದು ಬ, ರ್ರಿ ಎಂಬ ಎರಡು ಅಕ್ಷರ. ನಿಧಾನವಾಗಿ ಉಚ್ಚರಿಸಿ ನೋಡಿರಿ: "ಬರ್-ರಿ" ಎಂದು ಒಡೆಯುತ್ತದೆ. ಒತ್ತಕ್ಷರದ ಮೊದಲ ವ್ಯಂಜನ ಹಿಂದಿನ ಅಕ್ಷರಕ್ಕೆ ಅಂಟಿಕೊಂಡು ಅದನ್ನು ಭಾರವಾಗಿಸುತ್ತದೆ. ಆದ್ದರಿಂದ ಬ ಗುರು, ರ್ರಿ ಲಘು. ಲಘುವಿಗೆ 1 ಮಾತ್ರೆ, ಗುರುವಿಗೆ 2, ಒಟ್ಟು 3.

"ಹೋಗುತ್ತೇನೆ" ಎಂಬುದನ್ನು ಹೋ-ಗುತ್-ತೇ-ನೆ ಎಂದು ಒಡೆಯಿರಿ. ದೀರ್ಘಸ್ವರವಿರುವುದರಿಂದ ಹೋ, ತ್ತೇ ಗುರು, ಒತ್ತಕ್ಷರದ ಹಿಂದಿರುವುದರಿಂದ ಗು ಕೂಡ ಗುರು, ನೆ ಲಘು. ಒಟ್ಟು 7 ಮಾತ್ರೆ. ಮನೆಮಾತಿನ "ಹೋಗ್ತೀನಿ" ಹೋಗ್-ತೀ-ನಿ ಆಗಿ 5 ಮಾತ್ರೆ. ಆಡುಮಾತು ಅಶುದ್ಧವೆಂದು ಮಕ್ಕಳನ್ನು ಹಳಿಯಬೇಕಿಲ್ಲ. ಅದಕ್ಕೂ ತನ್ನದೇ ಲೆಕ್ಕವಿದೆ. ಪರೀಕ್ಷೆಯಲ್ಲಿ ಮಾತ್ರ ಮುದ್ರಿತ ರೂಪವನ್ನೇ ಅಳೆಯಬೇಕು.

ಇಲ್ಲಿ ಅಳೆಯುವುದು ಉಚ್ಚಾರಣೆಗೆ ಹಿಡಿಯುವ ಕಾಲವನ್ನು, ದನಿಯ ಜೋರನ್ನಲ್ಲ. ಇಟಾಲಿಯನ್ ಭಾಷೆಯಲ್ಲಿ ದನಿಯ ಒತ್ತಿಗೇ ಅರ್ಥ ಬದಲಾಗುತ್ತದೆ. "ಪಾರ್ಲೊ" ಎಂಬುದರ ಮೊದಲ ಭಾಗವನ್ನು ಒತ್ತಿದರೆ "ಮಾತಾಡುತ್ತೇನೆ", ಕೊನೆಯದನ್ನು ಒತ್ತಿದರೆ "ಮಾತಾಡಿದನು". ಕನ್ನಡದಲ್ಲಿ ಅಂಥ ಕೆಲಸವನ್ನು ಸ್ವರದ ಉದ್ದ ಮಾಡುತ್ತದೆ. "ಅಳುತ್ತಾನೆ" ಎಂದರೆ ಕಣ್ಣೀರಿಡುತ್ತಾನೆ, "ಆಳುತ್ತಾನೆ" ಎಂದರೆ ರಾಜ್ಯಭಾರ ಮಾಡುತ್ತಾನೆ. ಮೊದಲನೆಯದು 6 ಮಾತ್ರೆ, ಎರಡನೆಯದು 7. ಒಂದೇ ಮಾತ್ರೆಯ ಅಂತರ!

ಈ ಲೆಕ್ಕದ ಬಲ ತಿಳಿಯಲು ದೂರ ಹೋಗಬೇಕಿಲ್ಲ. 10ನೆಯ ಶತಮಾನದ ಮಹಾಕವಿ ರನ್ನ ಮುಧೋಳದವನು. ಅವನ 'ಗದಾಯುದ್ಧ'ದಲ್ಲಿ ಕಂದಪದ್ಯಗಳು ಹೇರಳ. ಕಂದವೆಂದರೆ ನಾಲ್ಕು ಸಾಲು. ನಾಲ್ಕು ಮಾತ್ರೆಗಳ 16 ಗಣ. ಒಟ್ಟು 64 ಮಾತ್ರೆ. ಮೊತ್ತ ತಪ್ಪಿದರೆ ಎಲ್ಲೋ ಗುರುತು ತಪ್ಪಿದೆಯೆಂದೇ ತಿಳಿಯಿರಿ. ಹಳಗನ್ನಡದಲ್ಲಿ ತೇಲಿಸಿ ಉಚ್ಚರಿಸುವ ಕೆಲವು ಒತ್ತಕ್ಷರಗಳು ಹಿಂದಿನ ಅಕ್ಷರವನ್ನು ಗುರುವಾಗಿಸುವುದಿಲ್ಲ. ಇದಕ್ಕೆ ಶಿಥಿಲದ್ವಿತ್ವವೆಂದು ಹೆಸರು. ಇಲ್ಲಿಯೂ ತೀರ್ಪು ಕಿವಿಯದೇ.

ಆದ್ದರಿಂದ ಪಾಲಕರೇ, ಜಮಖಂಡಿಯಿರಲಿ ರಬಕವಿಯಿರಲಿ, ಮಕ್ಕಳು ಪದ್ಯವನ್ನು ಮೊದಲು ಗಟ್ಟಿಯಾಗಿ ಓದಲಿ. ಪೆನ್ಸಿಲು ಆಮೇಲೆ.